ಸ್ಪ್ಲೆಂಡರ್ ಹಿಂದೊಂದು ಮನೆ

ಸಿಂಧನೂರು ಸೀಮೆಯ ಬೈಕುಗಳು ಇದುವರೆಗೆ ಹೊರದೆ ಬಿಟ್ಟ ಸಾಮಾನು ಯಾವುದು ಎಂದು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಟ್ಯಾಂಕಿನ ಮೇಲೆ ಮಗ, ಹಿಂದೆ ಹೆಂಡತಿ, ಇಬ್ಬರ ನಡುವೆ ಯೂರಿಯಾ ಚೀಲ. ಈ ಚೀಲ ಮೊದಲು 50 ಕೆ.ಜಿ. ಇತ್ತು, 2018ರಲ್ಲಿ 45ಕ್ಕೆ ಇಳಿಯಿತು. ಸರ್ಕಾರ ಇಳಿಸಿದ್ದು ಬೈಕಿನ ಮೇಲಿನ ಕರುಣೆಯಿಂದೇನಲ್ಲ, ಆದರೂ ಬೈಕಿಗೆ 5 ಕೆ.ಜಿ. ಪುಣ್ಯ ಸಿಕ್ಕಿತು. ಮೇವಿನ ಹೊರೆ ಹೊತ್ತು ಬರುವ ಟಿವಿಎಸ್ ಎಕ್ಸ್‌ಎಲ್ ದೂರದಿಂದ ನೋಡಿದರೆ ಹುಲ್ಲಿನ ಬಣವೆಯೊಂದು ತಾನಾಗಿಯೇ ಎದ್ದು ಹೊರಟಂತೆ ಕಾಣುತ್ತದೆ. ಹತ್ತಿರ ಬಂದಾಗ ಬಣವೆಯೊಳಗಿಂದ ಎರಡು ಕಣ್ಣು, ಒಂದು ಹಾರ್ನು.

ಹೊರುವುದಷ್ಟೇ ಆದರೆ ಸರಿ, ಇಲ್ಲಿನ ಬೈಕುಗಳು ಎಳೆಯುವುದನ್ನೂ ಕಲಿತಿವೆ. ಸಂತೆಯ ದಿನ ಬೆಳಗಾಗುತ್ತಲೇ ತರಕಾರಿ ತಳ್ಳುಬಂಡಿಗಳು ಊರೊಳಗೆ ಬರುವ ಬಗೆ ನೋಡಬೇಕು. ಬಂಡಿಯನ್ನು ಯಾರೂ ತಳ್ಳುತ್ತಿರುವುದಿಲ್ಲ. ಒಬ್ಬ ಬೈಕು ಓಡಿಸುತ್ತಾನೆ. ಹಿಂದೆ ಕೂತವನು ಸೊಂಟ ಅರ್ಧ ತಿರುಗಿಸಿ, ಬಂಡಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿರುತ್ತಾನೆ. ಅವನ ರಟ್ಟೆಯೇ ಕೊಂಡಿ. ಗುಂಡಿ ಬಂದಾಗ ಬಂಡಿ ಟೊಮೆಟೊ ಸಮೇತ ಜಿಗಿಯುತ್ತದೆ, ಕೊಂಡಿಯ ಬಾಯಿಂದ ಬೈಗುಳ ಉದುರುತ್ತದೆ, ಮುಂದೆ ಕೂತವನಿಗೆ ಅದು ಸ್ವಲ್ಪ ನಿಧಾನ ಮಾಡು ಎಂಬ ಸೂಚನೆ. ಇದಕ್ಕಿಂತ ಮುಂದುವರಿದವರು ವೆಲ್ಡಿಂಗ್ ಅಂಗಡಿಗೆ ಹೋಗಿ ಹಳೇ ಬೈಕಿನ ಎರಡು ಗಾಲಿಗೆ ಕಬ್ಬಿಣದ ಆಂಗಲ್ ಚೌಕಟ್ಟು ಕೂರಿಸಿ ಸಣ್ಣ ಟ್ರಾಲಿಯನ್ನೇ ಮಾಡಿಸಿಕೊಳ್ಳುತ್ತಾರೆ.

ಹೊಲದಲ್ಲೂ ಇದೇ ಕಥೆ. ಎತ್ತು ಸಾಕುವುದು ಕಷ್ಟವಾದ ಮೇಲೆ ಉತ್ತರ ಕರ್ನಾಟಕದ ಎಷ್ಟೋ ರೈತರು ಬೈಕಿಗೇ ಎಡೆಕುಂಟೆ ಕಟ್ಟಿ ಸಾಲಿನ ನಡುವೆ ಹೊಡೆಯುತ್ತಾರೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ 1994ರಲ್ಲಿ ಬುಲೆಟ್ ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಆ ಜಾಗಕ್ಕೆ ಎರಡು ಗಾಲಿಯ ಸಲಕರಣೆ ಕೂರಿಸಿ ಉಳುಮೆಗೆ ಇಳಿಸಿದರು. ‘ಬುಲೆಟ್ ಸಾಂತಿ’ ಎಂದು ಹೆಸರಾದ ಅದಕ್ಕೆ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು. ನಮ್ಮ ಕಡೆಯ ಎಡೆಕುಂಟೆ ಬೈಕಿಗೆ ಪೇಟೆಂಟ್ ಇಲ್ಲ. ಹಗ್ಗ ಯಾರದೋ, ಕುಂಟೆ ಯಾರದೋ, ಬೈಕಿನ ಕಂತು ಇನ್ನೂ ಬಾಕಿ. ಹಕ್ಕು ಯಾರ ಹೆಸರಿಗೆ ಬರೆಯುವುದು?

ಇಷ್ಟೆಲ್ಲ ಎಳೆದ ಸೀಮೆಯಲ್ಲಿ ಬೈಕು ಎಳೆಯದೆ ಉಳಿದದ್ದು ಒಂದೇ ಒಂದು: ಮನೆ.

ಪರದೇಶಗಳಲ್ಲಿ ಅದನ್ನೂ ಎಳೆಯುತ್ತಾರೆ. ದೊಡ್ಡ ಟೂರಿಂಗ್ ಬೈಕಿನ ಹಿಂದೆ ಎರಡು ಗಾಲಿಯ ಪುಟ್ಟ ಪೆಟ್ಟಿಗೆ. ಸಂಜೆ ಎಲ್ಲಾದರೂ ನಿಲ್ಲಿಸಿ ಮುಚ್ಚಳ ತೆರೆದರೆ ಅದು ಮಡಿಕೆ ಬಿಚ್ಚಿಕೊಂಡು ಗುಡಾರವಾಗುತ್ತದೆ, ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಖಾಲಿ ಪೆಟ್ಟಿಗೆಯೇ 120 ಕೆ.ಜಿ. ಆಸುಪಾಸು ತೂಗುತ್ತದೆ. ಎಳೆಯುವವರ ಮೆಚ್ಚಿನ ಬೈಕು ಹೋಂಡಾ ಗೋಲ್ಡ್ ವಿಂಗ್. 1975ರಲ್ಲಿ 999 ಸಿಸಿಯ ನಾಲ್ಕು ಸಿಲಿಂಡರಿನೊಂದಿಗೆ ಹುಟ್ಟಿದ್ದು ಈಗ 1833 ಸಿಸಿಗೆ, ಆರು ಸಿಲಿಂಡರಿಗೆ ಬೆಳೆದಿದೆ. ಅದಕ್ಕೆ ರಿವರ್ಸ್ ಕೂಡ ಉಂಟು. ಅದೇ 1975ರಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ ಬಿಡುಗಡೆಯಾಯಿತು. ಅದರಲ್ಲಿ ಇಬ್ಬರು ಗೆಳೆಯರು ಬೈಕಿನ ಪಕ್ಕಕ್ಕೆ ಸೈಡ್‌ಕಾರ್ ಕಟ್ಟಿಕೊಂಡು ಹೊರಟರು. ಪಕ್ಕಕ್ಕೆ ಕಟ್ಟುವುದರಿಂದ ಮುಂದೆ ನಮ್ಮ ಕನಸು ಸರಿಯಲಿಲ್ಲ.

ಸಿಂಧನೂರಿನ ಒಬ್ಬ ಸ್ಪ್ಲೆಂಡರ್ ಸವಾರ ಇಂಥದೊಂದು ಪೆಟ್ಟಿಗೆ ಮಾಡಿಸಿ, ಹೆಂಡತಿಯನ್ನು ಕೂರಿಸಿಕೊಂಡು ಮಸ್ಕಿ ಮೇಲೆ ಲಿಂಗಸುಗೂರಿಗೆ ಹೊರಟ ಎಂದಿಟ್ಟುಕೊಳ್ಳೋಣ. ದೂರ ಐವತ್ತು ಚಿಲ್ಲರೆ ಕಿಲೋಮೀಟರ್, ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ಇಂಥ ಪ್ರಯಾಣಕ್ಕೆ ಮನೆ ಯಾಕೆ, ಬುತ್ತಿಯೂ ಬೇಡ ಎಂದು ಅವನ ತಾಯಿ ಹೇಳಿರುತ್ತಾಳೆ. ಅದನ್ನು ಕೇಳುವ ಗಂಡಸು ಬೈಕಿಗೆ ಪೆಟ್ಟಿಗೆ ಕಟ್ಟುವುದಿಲ್ಲ.

ಮೊದಲ ತೊಡಕು ಲೆಕ್ಕದ್ದು. ಬ್ರಿಟನ್ನಿನಲ್ಲಿ ಬೈಕು ಎಳೆಯುವ ಟ್ರೇಲರ್‌ಗೆ ಖಚಿತ ಕಾನೂನಿದೆ. ಸಾಮಾನು ಸೇರಿ ಅದರ ತೂಕ 150 ಕೆ.ಜಿ. ಅಥವಾ ಬೈಕಿನ ತೂಕದ ಮೂರರಲ್ಲಿ ಎರಡು ಪಾಲು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅಗಲ ಒಂದು ಮೀಟರಿನೊಳಗೆ ಇರಬೇಕು. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ.; ಮೂರರಲ್ಲಿ ಎರಡು ಪಾಲು ಎಂದರೆ 74 ಕೆ.ಜಿ. 670 ಗ್ರಾಂ. ಸಿಂಧನೂರಿನಲ್ಲಿ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಅಂದರೆ ಇಂಗ್ಲೆಂಡಿನ ರಾಣಿಯ ಕಾಲದಿಂದ ಬಂದ ನಿಯಮದ ಪ್ರಕಾರ ನಮ್ಮ ಸ್ಪ್ಲೆಂಡರ್ ಒಂದು ಚೀಲ ಭತ್ತವನ್ನು ಎಳೆಯಬೇಕಾದರೂ ಚೀಲ ಬಿಚ್ಚಿ 330 ಗ್ರಾಂ ತೆಗೆದಿಡಬೇಕು. ಟ್ರೇಲರ್ ಕಾಗದದ್ದಾಗಿದ್ದರೆ ಮಾತ್ರ ಈ ಲೆಕ್ಕ. ಕಬ್ಬಿಣದ್ದಾದರೆ ಭತ್ತವನ್ನು ಮನೆಯಲ್ಲೇ ಬಿಟ್ಟು ಹೋಗುವುದು. ಅದೂ ಹೋಗಲಿ ಎಂದರೆ, ಅಲ್ಲಿ ಟ್ರೇಲರ್ ಎಳೆಯುವ ಬೈಕು 125 ಸಿಸಿಗಿಂತ ದೊಡ್ಡದಿರಬೇಕು. ಸ್ಪ್ಲೆಂಡರ್ 97.2 ಸಿಸಿ. ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ.

ನಮ್ಮ ಕಾನೂನು ಇನ್ನೂ ಸ್ವಾರಸ್ಯದ್ದು. 1988ರ ಮೋಟಾರು ವಾಹನಗಳ ಕಾಯ್ದೆ ಮೋಟರ್‌ಸೈಕಲ್ ಎಂದರೇನು ಎಂದು ಹೇಳುವಾಗ ಕಳಚಿ ಇಡಬಹುದಾದ ಸೈಡ್‌ಕಾರನ್ನು ಅಕ್ಕರೆಯಿಂದ ನೆನೆದು ಒಳಗೆ ಸೇರಿಸಿಕೊಂಡಿದೆ. ಹಿಂದೆ ಕಟ್ಟುವ ಪೆಟ್ಟಿಗೆಯ ಸುದ್ದಿ ಅಲ್ಲಿಲ್ಲ. ಆದರೆ ಮೋಟಾರು ವಾಹನ ಎಂದರೇನು ಎಂಬಲ್ಲಿ ಟ್ರೇಲರನ್ನೂ ಸೇರಿಸಿದೆ. ಇಂಜಿನ್ ಇಲ್ಲ, ಪೆಟ್ರೋಲ್ ಟ್ಯಾಂಕ್ ಇಲ್ಲ, ಸ್ಟೇರಿಂಗ್ ಇಲ್ಲ. ಆದರೂ ಅದು ಮೋಟಾರು ವಾಹನವೇ, ನೋಂದಣಿ ಆಗಬೇಕು, ಕೆಎ 36 ಎಂದು ಶುರುವಾಗುವ ನಂಬರು ಹೊತ್ತು ಓಡಾಡಬೇಕು. ಅದೇ ಕಾಯ್ದೆಯ 52ನೇ ಕಲಮು ಕಂಪನಿ ಮಾಡಿಕೊಟ್ಟ ವಾಹನವನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಬಾರದು ಎನ್ನುತ್ತದೆ. ಹಾಗಾಗಿ ವೆಲ್ಡಿಂಗ್ ಅಂಗಡಿಯವನು ಕಿಡಿ ಹಾರಿಸಿ ಕೊಂಡಿ ಬೆಸೆಯುವ ಹೊತ್ತಿಗೆ ನಮ್ಮ ಸವಾರ ಕಾನೂನಿನ ಹೊರಗೆ ಒಂದು ಕಾಲಿಟ್ಟಾಗಿರುತ್ತದೆ. ಗೋಲ್ಡ್ ವಿಂಗ್ ಮಾಡುವ ಹೋಂಡಾ ಕೂಡ ಟ್ರೇಲರ್ ಎಳೆಯಬೇಡಿ ಎಂದೇ ತನ್ನ ಕೈಪಿಡಿಯಲ್ಲಿ ಎಚ್ಚರಿಸುತ್ತದೆ. ಕೈಪಿಡಿ ಓದುವ ಅಭ್ಯಾಸ ಅಮೆರಿಕದಲ್ಲೂ ಇಲ್ಲವೆಂಬುದು ಸಮಾಧಾನದ ಸಂಗತಿ.

ಕಾನೂನು ಒತ್ತಟ್ಟಿಗಿರಲಿ, ಬಂಡಿಯ ವಿದ್ಯೆ ಬೇರೆಯೇ. ಬೈಕು ತಿರುವಿನಲ್ಲಿ ವಾಲುತ್ತದೆ. ಎತ್ತು ವಾಲುವುದಿಲ್ಲ, ಟ್ರ್ಯಾಕ್ಟರ್ ವಾಲುವುದಿಲ್ಲ (ವಾಲಿದರೆ ಮಾರನೆಯ ದಿನ ಪೇಪರಿನಲ್ಲಿ ಬರುತ್ತದೆ). ಹಾಗಾಗಿ ಬೈಕು ಎಡಕ್ಕೆ ವಾಲಿದರೂ ಪೆಟ್ಟಿಗೆ ನೆಟ್ಟಗೆ ನಿಲ್ಲುವಂತೆ ಕೊಂಡಿ ತನ್ನಷ್ಟಕ್ಕೆ ತಿರುಗಬೇಕು. ಟ್ರ್ಯಾಕ್ಟರಿನ ಹಾಗೆ ಒಂದು ಪಿನ್ನು ತೂರಿಸಿ ಬಿಗಿ ಕಟ್ಟಿದರೆ ಮೊದಲ ತಿರುವಿನಲ್ಲೇ ಪೆಟ್ಟಿಗೆ ಬೈಕನ್ನು ಎಳೆದು ಕೆಡವುತ್ತದೆ.

ಇನ್ನು ಭಾರ. ಭಾರವೆಲ್ಲ ಅಚ್ಚಿನ ಹಿಂದಕ್ಕೆ ಬಿದ್ದರೆ ವೇಗ ಏರಿದಂತೆ ಪೆಟ್ಟಿಗೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ಒಮ್ಮೆ ಶುರುವಾದರೆ ಬೈಕನ್ನೂ ಅಲ್ಲಾಡಿಸುತ್ತದೆ. ಗಾಬರಿಯಾಗಿ ಬ್ರೇಕ್ ಒತ್ತಿದರೆ ಇನ್ನೂ ಕೆಟ್ಟಿತು; ಪೆಟ್ಟಿಗೆಗೆ ಬ್ರೇಕಿಲ್ಲ, ಅದು ಹಿಂದಿನಿಂದ ನೂಕುತ್ತದೆ. ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರುವಂತೆ ಸಾಮಾನು ಜೋಡಿಸಬೇಕು ಎಂದು ಪರದೇಶದ ಟ್ರೇಲರ್ ಪರಿಣತರು ತಕ್ಕಡಿ ಇಟ್ಟು ಹೇಳಿಕೊಡುತ್ತಾರೆ. ಮಸ್ಕಿಯ ಹಳೇ ಬಂಡಿ ಹೊಡೆಯುವವರಿಗೆ ಇದನ್ನು ಹೇಳಿದರೆ ನಕ್ಕಾರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಜೋಳದ ಚೀಲವನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿ, ‘ಹೂಂ, ಈಗ ಕಟ್ರಿ’ ಎನ್ನುವುದು ಅವರಿಗೆ ತಕ್ಕಡಿಯಿಲ್ಲದೆ ಗೊತ್ತಿತ್ತು. ಸ್ಪ್ಲೆಂಡರ್ ಸವಾರನಿಗೆ ಬೇಕಾದ ಗುರು ಯೂಟ್ಯೂಬಿನಲ್ಲಿಲ್ಲ, ಅವನ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾನೆ.

ಸರಿ, ಭಾರ ಸರಿಪಡಿಸಿ ಹೊರಟರು ಎನ್ನೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಗದ್ದೆಗಳು ಎರಡೂ ಕಡೆ. ಸುಗ್ಗಿಯಾಗಿದ್ದರೆ ಹೆದ್ದಾರಿಯ ಅಂಚೇ ಕಣ: ಭತ್ತ ಒಣಗಲು ಹರಡಿ, ಯಾರೂ ಮೇಲೆ ಹಾಯದಿರಲಿ ಎಂದು ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಬೈಕು ಕಲ್ಲು ತಪ್ಪಿಸಿಕೊಳ್ಳುತ್ತದೆ, ಪೆಟ್ಟಿಗೆ ತಪ್ಪಿಸಿಕೊಳ್ಳುವುದಿಲ್ಲ. ಎದುರಿನಿಂದ ಭತ್ತ ಕೊಯ್ಯುವ ಯಂತ್ರ ಇಡೀ ರಸ್ತೆ ತನ್ನದೆಂಬಂತೆ ಬರುತ್ತದೆ. ಪಕ್ಕಕ್ಕೆ ಇಳಿದು ಚಹಾದ ಅಂಗಡಿ ಮುಂದೆ ನಿಂತರೆ ಮಂಡಾಳ ಒಗ್ಗರಣಿ, ಮಿರ್ಚಿಯ ಜೊತೆ ವಿಚಾರಣೆಯೂ ಸಿಗುತ್ತದೆ.

‘ಏನೋ ತಮ್ಮಾ, ಹಿಂದ ಏನ್ ಕಟ್ಟಿ?’

‘ಮನಿ, ಕಾಕಾ.’

‘ಊರಿಗೆ ಹೋಗಾಗ ಮನಿಗೆ ಕೀಲಿ ಹಾಕಿ ಹೋಗ್ತಾರ, ಮನಿ ಕಟಗೊಂಡು ಹೋಗಾದ ಇವತ್ತ ನೋಡಿದೆ. ಸಾಲಗಾರರ ಕಾಟ ಏನರ ಐತೇನು?’

ಮಸ್ಕಿ ಬರುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಇಲ್ಲಿ ಚಿನ್ನ ಹುಡುಕುತ್ತ ಅಶೋಕನ ಶಾಸನದ ಬಂಡೆಯ ಮುಂದೆ ನಿಂತ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಕಂಡ ಮೊದಲ ಶಾಸನ ಇದು. ಅಲ್ಲಿಯವರೆಗೆ ರಾಜ ನಂಬರ್ ಪ್ಲೇಟ್ ಇಲ್ಲದೆ ಓಡಾಡುತ್ತಿದ್ದ. ದಾರಿಗುಂಟ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುದಾಣ ಕಟ್ಟಿಸಿದೆ ಎಂದು ಅವನು ಹೇಳಿಕೊಂಡಿರುವುದು ಈಗ ದಿಲ್ಲಿಯಲ್ಲಿರುವ ಕಂಬದ ಶಾಸನದಲ್ಲಿ, ಮಸ್ಕಿಯದರಲ್ಲಲ್ಲ. ಆದರೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ರಸ್ತೆಯಲ್ಲಿ ಬೈಕು ನಿಲ್ಲಿಸಲು ನೆರಳು ಹುಡುಕುವವನಿಗೆ ಆ ಕಂಬ ತುಂಬ ನೆನಪಾಗುತ್ತದೆ. ಬೆಟ್ಟದ ಮಲ್ಲಿಕಾರ್ಜುನನ ದರ್ಶನಕ್ಕೆಂದು ಊರೊಳಗಿನ ಸಂದಿಗೆ ತಿರುಗಿಸಿದರೆ ಇನ್ನೊಂದು ಪಾಠ ಕಾದಿರುತ್ತದೆ. ಸಂದಿ ಮುಂದೆ ಮುಚ್ಚಿದೆ. ಸ್ಪ್ಲೆಂಡರಿಗೆ ರಿವರ್ಸ್ ಇಲ್ಲ. ಕಾಲಿನಿಂದ ಹಿಂದೆ ತಳ್ಳಿದರೆ ಬೈಕು ಒಂದು ಕಡೆ, ಮನೆ ಇನ್ನೊಂದು ಕಡೆ. ಕೊನೆಗೆ ಕೊಂಡಿ ಬಿಚ್ಚಿ, ಓಣಿಯ ನಾಲ್ಕು ಹುಡುಗರು ಮನೆಯನ್ನು ಕೈಯಲ್ಲಿ ಎತ್ತಿ ತಿರುಗಿಸಿಡುತ್ತಾರೆ.

ಲಿಂಗಸುಗೂರಿಗೆ ಗುಡಾರ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ದಂಡು ಬೀಡುಬಿಟ್ಟಿದ್ದ ಊರು ಅದು. ದಂಡಿಗೆ ಜಾಗ ಕೊಟ್ಟ ಊರು ದಂಪತಿಗೆ ಕೊಡುವುದಿಲ್ಲವೇ? ಕೊಡುತ್ತದೆ, ಆದರೆ ಮಲಗಲು ಬಿಡುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆರೆದು ಗುಡಾರ ಏಳುತ್ತಿದ್ದಂತೆ ಮಕ್ಕಳು ಸುತ್ತುವರಿಯುತ್ತಾರೆ, ಹಿಂದೆಯೇ ದೊಡ್ಡವರು. ಯಾವ ಊರ್ರೀ, ಯಾರ ಪೈಕಿ ಎಂದು ವಿಚಾರಿಸಿ, ಮೂರನೇ ಪ್ರಶ್ನೆಯ ಹೊತ್ತಿಗೆ ಹೆಂಡತಿಯ ತವರಿನ ಕಡೆಯ ಯಾವುದೋ ಎಳೆ ಸಿಕ್ಕಿಬಿಡುತ್ತದೆ. ‘ಬೀಗರು ಬಂದು ಬಯಲಾಗ ಮಲಕೊಂಡ್ರ ನಮ್ಮ ಮರ್ಯಾದಿ ಏನಾತ್ರೀ? ಏಳ್ರೀ, ರೊಟ್ಟಿ ಬಡಿಯಾಕ ಹತ್ಯಾರ.’ ಕ್ಯಾಂಪಿಂಗ್ ಎಂಬುದು ಈ ಸೀಮೆಯಲ್ಲಿ ಬೇರೂರದಿರಲು ಸೊಳ್ಳೆ, ಸೆಕೆ, ಕಾನೂನು ಇವೆಲ್ಲ ಸಣ್ಣ ಕಾರಣ. ದೊಡ್ಡ ಕಾರಣ ರೊಟ್ಟಿ.

ಅಷ್ಟಕ್ಕೂ ಗಾಲಿಯ ಮೇಲಿನ ಮನೆ ಇಲ್ಲಿಯವರಿಗೆ ಗೊತ್ತಿಲ್ಲದ್ದೇ? ಕೊಲ್ಲಾರಿ ಬಂಡಿಗೆ ಬಿದಿರ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹೊದಿಸಿ, ಕಟಿ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನೊಂದಿಗೆ ಮನೆಮಂದಿಯೆಲ್ಲ ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಹೋಗಿ, ಬಂಡಿಯ ಕೆಳಗೆ ಒಲೆ ಹೂಡಿ, ಬಂಡಿಯೊಳಗೆ ಮಲಗಿ ಬಂದವರು ಇವರು. ಈಗಲೂ ಗದ್ದೆ ಕೊಯ್ಲಾದ ಮೇಲೆ ಬಾತುಕೋಳಿ ಮೇಯಿಸುವವರು, ಊರಿಂದೂರಿಗೆ ಹೊಲದಲ್ಲಿ ಕುರಿ ತರುಬುವವರು ಗುಡಾರ ಹೂಡುತ್ತಾರೆ. ಕುರಿಗಾರನ ಬೈಕಿನ ಎರಡು ಬದಿಯ ಚೀಲಗಳಿಂದ ಅಂದೇ ಹುಟ್ಟಿದ ಮರಿಗಳು ಕತ್ತು ಹೊರಹಾಕಿ ದಾರಿ ನೋಡುತ್ತಿರುತ್ತವೆ. ಹಿಂದೆ ಬಲೆ, ಗಡಿಗೆ, ಕಂಬಳಿ, ತಾಡಪತ್ರಿ. ಬೈಕಿನಲ್ಲಿ ಮನೆ ಹೊತ್ತು ಅಲೆಯುವವರು ಈ ಮೂರೂ ತಾಲ್ಲೂಕಿನಲ್ಲಿ ಇದ್ದಾರೆ. ಅವರದು ಪ್ರವಾಸವಲ್ಲ ಎಂಬ ಕಾರಣಕ್ಕೆ ಯಾರೂ ಫೋಟೊ ಹಾಕುವುದಿಲ್ಲ ಅಷ್ಟೇ.

ನಮ್ಮ ಸವಾರನ ಪೆಟ್ಟಿಗೆ ಕೊನೆಗೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಗುಡಾರದ ಬಟ್ಟೆ ರಾಶಿ ಮುಚ್ಚಲು, ಚೌಕಟ್ಟು ಹುಲ್ಲು ತರಲು. ತರಲಿ. ಆದರೆ ತಳ್ಳುಬಂಡಿಯಾಗಲಿ, ಟ್ರಾಲಿಯಾಗಲಿ ಬೈಕಿನ ಹಿಂದೆ ಕಟ್ಟಿದಾಗ ಬೈಕಿನ ಕೆಂಪು ದೀಪ ಮುಚ್ಚಿಹೋಗುತ್ತದೆ, ಹಿಂದಿನಿಂದ ಬರುವ ಲಾರಿಯವನಿಗೆ ಕತ್ತಲು ಮಾತ್ರ ಕಾಣುತ್ತದೆ. ಆದ್ದರಿಂದ ಹೊತ್ತು ಮುಳುಗಿದ ಮೇಲೆ 150ಎಗೆ ಇಳಿಯಬೇಡಿ. ಇಳಿಯಲೇಬೇಕಾದರೆ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಕೆಂಪು ರಿಫ್ಲೆಕ್ಟರ್ ಪಟ್ಟಿ ತಂದು ಬಂಡಿಯ ಹಿಂಬದಿಗೆ, ಎರಡು ಮೂಲೆಗೂ, ಇವತ್ತೇ ಅಂಟಿಸಿ.