ಬ್ಯಾಗು ಬಿಚ್ಚದ ಮಾಸ್ತರು

ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ಸನ್ನು ರೈಲ್ವೆಯವರು ಯಾರಿಗಾಗಿ ಬಿಟ್ಟರೋ, ವಾಡಿ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ಅದು ಮಾಸ್ತರರಿಗಾಗಿಯೇ ಬಿಟ್ಟ ಗಾಡಿ. ದಸರೆ ರಜೆ ಮುಗಿದಾಗ ಅದರಿಂದ ಇಳಿಯುವವರ ಕೈಯಲ್ಲಿ ಕಾಫಿಪುಡಿ, ರಾಗಿ ಹಿಟ್ಟು, ಉಪ್ಪಿನಕಾಯಿ ಭರಣಿ. ಮುಖದಲ್ಲಿ ಆಗಷ್ಟೇ ತವರು ಬಿಟ್ಟ ಸೊಸೆಯ ಕಳೆ. ಊರು ಹಾಸನವೋ ತುಮಕೂರೋ ಮಂಡ್ಯವೋ, ಸೇಡಂ–ಚಿತ್ತಾಪುರದ ಮಟ್ಟಿಗೆ ಅವರೆಲ್ಲ ‘ಬೆಂಗಳೂರು ಕಡೆಯವರು’.

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಕುಲ ಸ್ವಲ್ಪ ತೆಳುವಾಗಿದೆ. ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೇ ಮೀಸಲು. ಉಳಿದ 20ರಲ್ಲಿ ಹೇಗೋ ನುಸುಳಿ ಒಳಬಂದು, ಬಂದ ಗಳಿಗೆಯಿಂದ ಹೊರಬೀಳುವುದು ಹೇಗೆಂದು ಯೋಚಿಸುವವನೇ ನಮ್ಮ ಕಥಾನಾಯಕ.

ಆದೇಶದ ಪ್ರತಿ ಕೈಗೆ ಬಂದ ದಿನ ಅವನ ತಾಯಿ ಕೇಳಿದ್ದು ಒಂದೇ ಮಾತು: “ಸೇಡಂ ಅಂದ್ರೆ ಅಂಡಮಾನ್ ಪಕ್ಕದಲ್ಲಿದೆಯೇನೋ ಮಗಾ?” ತಂದೆ ಮೊಬೈಲ್ ತಿರುಗಿಸಿ ಮುರುಗಿಸಿ ನೋಡಿ, “ಕರ್ನಾಟಕದಲ್ಲೇ ಇದೆ ಕಣೇ, ಗಾಬರಿ ಬೀಳಬೇಡ” ಎಂದರು. ಮಗರಾಯನಿಗಾದರೂ ಗೊತ್ತಿತ್ತೇ? ನೇಮಕಾತಿ ಪರೀಕ್ಷೆಗೆ ಓದುವಾಗ ‘ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ’ ಎಂದು ನೂರು ಸಲ ಉರು ಹೊಡೆದಿದ್ದ. ಆ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಮಳಖೇಡ, ತಾನು ದಿನಾ ಬಸ್ಸಿನ ಕಿಟಕಿಯಲ್ಲಿ ತೂಕಡಿಸುತ್ತ ದಾಟುವ ಊರು ಅದೇ ಎಂದು ತಿಳಿದದ್ದು ಏಳನೇ ತರಗತಿಯ ಹುಡುಗಿಯೊಬ್ಬಳು ಹೇಳಿದಾಗ. ಅಮೋಘವರ್ಷ ನೃಪತುಂಗ ಇಲ್ಲಿ ದೀರ್ಘಕಾಲ ಆಳಿದ. ನಮ್ಮ ಮಾಸ್ತರು ಮೂರು ವರ್ಷಕ್ಕೇ ತಲೆ ಚಚ್ಚಿಕೊಳ್ಳುತ್ತಾನೆ.

ಈ ಜನರ ಭೂಗೋಳವೇ ಬೇರೆ. ಕೌನ್ಸೆಲಿಂಗ್‌ನಲ್ಲಿ ಶಾಲೆ ಆರಿಸುವಾಗ ಅವರು ನೋಡುವುದು ಕೊಠಡಿಯನ್ನಲ್ಲ, ಮಕ್ಕಳ ಸಂಖ್ಯೆಯನ್ನಲ್ಲ, ರೈಲು ಹಳಿಯನ್ನು. ವಾಡಿ ಜಂಕ್ಷನ್ನಿಗೆ ಮೊದಲ ಮಣೆ, ಯಾಕೆಂದರೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಓಡಬಹುದು. ಶಹಾಬಾದಿಗೆ ಎರಡನೆಯದು. ಚಿತ್ತಾಪುರ, ಸೇಡಂ ಸಿಕಂದರಾಬಾದ್ ಕಡೆಯ ಹಳಿಯ ಮೇಲಿವೆ, ವಾಡಿಗೆ ಬಂದು ಗಾಡಿ ಬದಲಿಸಬೇಕು, ನಡೆಯುತ್ತದೆ. ಚಿಂಚೋಳಿಗೆ ರೈಲೇ ಇಲ್ಲ. ಆದ್ದರಿಂದ ಕುಂಚಾವರಂ ಕಡೆ ಬಿದ್ದವನನ್ನು ಉಳಿದವರು ಕಣ್ಣೀರಿಟ್ಟು ಬೀಳ್ಕೊಡುತ್ತಾರೆ. ಅಲ್ಲಿ ಕಾಡಿದೆ, ನೆರಳಿದೆ, ಚಂದ್ರಂಪಳ್ಳಿ ಕೆರೆಯಿದೆ, ಜಿಲ್ಲೆಯಲ್ಲೇ ತಂಪಾದ ಜಾಗ. ಹಳಿ ಇಲ್ಲದ ಮೇಲೆ ತಂಪು ಯಾರಿಗೆ ಬೇಕು? ಅಲ್ಲಿ ಹೋದವನಿಗೆ ಕಾದಿರುವ ಕೆಲಸ ಮಾತ್ರ ದೊಡ್ಡದು: ಮನೆಯಲ್ಲಿ ಲಂಬಾಣಿ ಆಡುವ ಮಗು, ತೆಲುಗು ಆಡುವ ಮಗು, ಉರ್ದು ಆಡುವ ಮಗು, ಮೂವರೂ ಒಂದೇ ಬೆಂಚಿನಲ್ಲಿ. ಎದುರಿಗೆ ಹಾಸನದ ಕನ್ನಡ. ಒಂದು ತಿಂಗಳೊಳಗೆ ಮಕ್ಕಳು ಹಾಸನದ ಕನ್ನಡ ಕಲಿತಿರುತ್ತಾರೆ.

ಮೊದಲ ದಿನದ ತರಗತಿ ಮಾತ್ರ ಎಲ್ಲರಿಗೂ ಒಂದೇ. ಹೆಸರು ಹೇಳಿ, ಊರು ಹೇಳಿ, ಬೋರ್ಡಿನ ಮೇಲೆ ದಿನಾಂಕ ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಏಳುತ್ತದೆ.

“ಸರ್ರೀ, ನೀವು ಯಾವಾಗ ಹೋಗ್ತೀರಿ?”

“ಎಲ್ಲಿಗಪ್ಪಾ?”

“ನಿಮ್ಮೂರಿಗ್ರೀ. ಮದಲಿನ ಗಣಿತದ ಸರ್ ಎರಡು ವರ್ಷಕ್ಕ ಹೋದ್ರು. ಅವರಕಿಂತ ಮದಲಿನವ್ರು ಒಂದೇ ವರ್ಷಕ್ಕ ಹೋದ್ರರಿ.”

ಹುಡುಗ ಉದ್ಧಟನಲ್ಲ. ಅನುಭವಸ್ಥ.

ಬಾಡಿಗೆಯ ಕೋಣೆ ಶಹಾಬಾದ್ ಫರ್ಸಿಯದು. ಈ ಸೀಮೆಯಲ್ಲಿ ನೆಲ ಫರ್ಸಿ, ಛತ್ತು ಫರ್ಸಿ, ಕಟ್ಟೆ ಫರ್ಸಿ, ಬಟ್ಟೆ ಒಗೆಯುವುದೂ ಫರ್ಸಿಯ ಮೇಲೆ. ಜನವರಿಯಲ್ಲಿ “ಆಹಾ, ಎಂಥ ತಂಪು” ಎಂದು ಫೋಟೋ ಕಳಿಸಿದ ಮಾಸ್ತರು ಏಪ್ರಿಲ್ಲಿನಲ್ಲಿ ಅದೇ ಕಲ್ಲಿನ ಕೆಳಗೆ ಒದ್ದೆ ಟವೆಲ್ ಹೊದ್ದು ಮಲಗುತ್ತಾನೆ. ಪಾರಾ 42–43ಕ್ಕೆ ಏರುವ ಕಾಲ. ಸರಕಾರವೇ ಸೋತು ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುತ್ತದೆ. ಮನೆಯೊಡತಿ ಬಾಗಿಲಲ್ಲಿ ನಿಂತು, “ಏ ಸರ್, ಈ ಝಳದಾಗ ಒಳಗ ಯಾರ್ ಮಲಗ್ತಾರ? ಮಾಳಗಿ ಮ್ಯಾಲ ಬರ್ರಿ” ಎಂದರೆ ಇವನಿಗೆ ಸಂಕೋಚ. ನಾಲ್ಕು ರಾತ್ರಿ ಮರ್ಯಾದೆ ಕಾಯ್ದುಕೊಂಡು ಐದನೆಯ ರಾತ್ರಿ ಚಾಪೆ ಎತ್ತಿಕೊಂಡು ಹೋಗುತ್ತಾನೆ. ಮಾಳಿಗೆಯ ಮೇಲೆ ಅರ್ಧ ಊರೇ ಮಲಗಿರುತ್ತದೆ. ತೊಗರಿಯ ರೇಟು, ಎಲೆಕ್ಷನ್ನು, ಯಾರ ಮಗಳಿಗೆ ಯಾವ ಊರು ಎಂಬ ಸುದ್ದಿಯೆಲ್ಲ ಅಲ್ಲೇ. ಶಾಲೆಯ ಬಗ್ಗೆ ಬಿಇಒ ಕಚೇರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅವನಿಗೆ ತಿಳಿದದ್ದು ಆ ಚಾಪೆಯ ಮೇಲೆ.

ನೀರಿನದು ಇನ್ನೊಂದು ಕತೆ. ಸಿಮೆಂಟ್ ಕಾರ್ಖಾನೆಗಳನ್ನು ಇಲ್ಲಿಗೆ ಕರೆತಂದ ಸುಣ್ಣದಕಲ್ಲೇ ನೀರಿಗೂ ಇಳಿದಿದೆ. ಸೋಪು ನೊರೆ ಕೊಡುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಗಟ್ಟಿ. ಊರಿನಿಂದ ತಂದ ಫಿಲ್ಟರ್ ಕಾಫಿ ಈ ನೀರಿನ ಮುಂದೆ ಮಂಡಿಯೂರಿದಾಗ ಅವನು ಚಹಾಕ್ಕೆ ಶರಣಾಗುತ್ತಾನೆ, ಬಸಿಯಲ್ಲಿ ಸುರಿದುಕೊಂಡು ಸೊರಕ್ಕನೆ ಎಳೆಯುವುದನ್ನೂ ಕಲಿಯುತ್ತಾನೆ.

ಮಳೆಗಾಲದಲ್ಲೊಮ್ಮೆ ಕಾಗಿಣಾ ನದಿ ತುಂಬಿ ಸೇತುವೆ ಮುಳುಗಿತು. ದಂಡೋತಿಯ ಹತ್ತಿರವೂ ಮಳಖೇಡದ ಹತ್ತಿರವೂ ಇದು ಹೊಸದಲ್ಲ. ಅತ್ತ ಹೋಗುವ ಬಸ್ಸಿಲ್ಲ, ಇತ್ತ ಬರುವ ಬಸ್ಸಿಲ್ಲ, ಸುತ್ತ ಎರಿ ಮಣ್ಣಿನ ಕೆಸರು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಮಾಸ್ತರು ತಾಯಿಗೆ ಫೋನು ಮಾಡಿ, “ನೀನು ಹೇಳಿದ್ದು ಸರಿ ಅಮ್ಮ, ದ್ವೀಪವೇ” ಎಂದ. ಆ ರಾತ್ರಿ ಊಟಕ್ಕೆ ಮೂರು ಮನೆಗಳಿಂದ ಕರೆ ಬಂದ ಸಂಗತಿಯನ್ನು ಹೇಳಲಿಲ್ಲ. ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಂದರೆ ತಾಯಿಯ ಕಣ್ಣೀರು ನಿಂತುಬಿಡುವ ಭಯ.

ಇಷ್ಟರಲ್ಲಿ ವರ್ಗಾವಣೆಯ ಹುಡುಕಾಟ ನಡೆದೇ ಇರುತ್ತದೆ. ಪತಿ–ಪತ್ನಿ ಪ್ರಕರಣಕ್ಕೆ ಮೊದಲು ಪತ್ನಿ ಬೇಕು. ಜಾತಕಕ್ಕಿಂತ ಮುಂಚೆ ಹುಡುಗಿಯ ಪೋಸ್ಟಿಂಗ್ ಕೇಳಿ ಎರಡು ಸಂಬಂಧ ಕೈ ಬಿಟ್ಟವು. ಉಳಿದದ್ದು ಪರಸ್ಪರ ವರ್ಗಾವಣೆ. ಸಕಲೇಶಪುರದ ಮಳೆಯಲ್ಲಿ ನೆನೆದು, ಜಿಗಣೆ ಕಿತ್ತು ಕಿತ್ತು ಬೇಸತ್ತ ಸೇಡಂ ಮೂಲದ ಮಾಸ್ತರೊಬ್ಬ ಫೋನಿಗೆ ಸಿಕ್ಕ. ಅವನು ಮುದ್ದೆಯನ್ನು ಬೈದ, ಇವನು ಬಿಸಿಲನ್ನು ಬೈದ. ಮಾತು ಮುಂದುವರಿದು ಅವನು “ಎಳ್ಳ ಅಮಾವಾಸ್ಯೆಗೆ ಹೊಲಕ್ಕ ಹೋಗಿದ್ರೇನ್ರಿ? ಭಜ್ಜಿ ಮಾಡಿದ್ರಾ? ಸಜ್ಜಿ ರೊಟ್ಟಿ?” ಎಂದು ಕೇಳಿ ಗದ್ಗದನಾದ. ಇವನು ಹೋಗಿದ್ದ. ಚರಗ ಚೆಲ್ಲಿದ ಮೇಲೆ ಹೊಲದ ನಡುವೆ ಕೂತು ಎರಡು ಸಲ ನೀಡಿಸಿಕೊಂಡು, ತೊಗರಿ ಸಾಲಿನಲ್ಲೇ ನಿದ್ದೆಯನ್ನೂ ಹೊಡೆದಿದ್ದ. ಅಷ್ಟೊತ್ತಿಗೆ ವಿಷಯ ಬಯಲಾಯಿತು: ಅವನು ಹಿಂದಿ, ಇವನು ಗಣಿತ. ಪರಸ್ಪರಕ್ಕೆ ವಿಷಯವೂ ಕೂಡಬೇಕು.

ಈಗ ಹಾಸನದ ಗಾಡಿ ಹತ್ತುವಾಗ ಅವನ ಕೈಚೀಲದಲ್ಲಿ ತೊಗರಿಬೇಳೆ ಇರುತ್ತದೆ. 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಲಬುರಗಿ ಬೇಳೆ ಎಂದು ಅಕ್ಕಪಕ್ಕದವರಿಗೆ ಭಾಷಣ ಬೇರೆ. ಅಂಡಮಾನಿನ ತಾಯಿ ಈಚೆಗೆ ಕೇಳುವುದು ವರ್ಗಾವಣೆಯ ಸುದ್ದಿಯನ್ನಲ್ಲ, ಮುಂದಿನ ಸಲ ಹತ್ತು ಕಿಲೋ ತರಲಾಗುತ್ತದೆಯೇ ಎಂದು. ಆದರೂ ಮಂಚದ ಕೆಳಗಿನ ಬ್ಯಾಗನ್ನು ಅವನು ಪೂರ್ತಿ ಬಿಚ್ಚಿಲ್ಲ. ತತ್ವದ ಪ್ರಶ್ನೆ.

ಬೇಸಿಗೆ ರಜೆ ಮುಗಿಯುತ್ತಲೇ ಇಂಥವರು ಇನ್ನಷ್ಟು ಮಂದಿ ವಾಡಿಯಲ್ಲಿ ಇಳಿಯಬಹುದು. ಮನೆ ಬಾಡಿಗೆ ಕೊಡುವ ನಮ್ಮ ಕಡೆಯವರಲ್ಲಿ ವಿನಂತಿ ಇಷ್ಟೇ: ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಮಾಳಿಗೆಯ ಮೆಟ್ಟಿಲು ತೋರಿಸಿಬಿಡಿ, ಎಳ್ಳ ಅಮಾವಾಸ್ಯೆಗೆ ಈಗಲೇ ಹೇಳಿಡಿ. ಹಿಂದಿನ ಸಾಲಿನ ಹುಡುಗನಿಗೆ ಈ ವರ್ಷವಾದರೂ ಬೀಜಗಣಿತ ಮುಗಿಯಬೇಕು.