ಹಾಸಿಗೆ ಖಾಲಿ ಇವೆಯೇ, ನಿರ್ದೇಶಕರೇ?

ಗೆ,
ಮಾನ್ಯ ನಿರ್ದೇಶಕರು,
ನಿಮ್ಹಾನ್ಸ್, ಹೊಸೂರು ರಸ್ತೆ, ಬೆಂಗಳೂರು.

ವಿಷಯ: ರಾಜಕಾರಣಿಗಳು ಪರಸ್ಪರರ ದಾಖಲಾತಿಗೆ ಮಾಡುತ್ತಿರುವ ಶಿಫಾರಸುಗಳ ವಿಲೇವಾರಿ ಕುರಿತು.

ಮಾನ್ಯರೇ,

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ ಟಿ.ವಿ. ವೀಕ್ಷಕರಿಗೆ ತಮ್ಮಿಂದ ಒಂದು ಲೆಕ್ಕ ಬೇಕಾಗಿದೆ. ಕರ್ನಾಟಕದಲ್ಲಿ ಆಡಳಿತ ಪಕ್ಷದವರು ವಿರೋಧ ಪಕ್ಷದವರನ್ನು, ವಿರೋಧ ಪಕ್ಷದವರು ಆಡಳಿತ ಪಕ್ಷದವರನ್ನು, ಬೇರೆ ಕೆಲಸವಿಲ್ಲದ ದಿನ ತಮ್ಮ ಪಕ್ಷದವರನ್ನೇ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂದು ಮೈಕಿನ ಮುಂದೆ ಹೇಳುತ್ತ ಬಂದಿದ್ದಾರೆ. ಸರ್ಕಾರಗಳು ಬದಲಾದವು, ಈ ಸಾಲು ಬದಲಾಗಲಿಲ್ಲ. ಹೀಗೆ ಶಿಫಾರಸಾದವರಲ್ಲಿ ಎಷ್ಟು ಮಂದಿ ಬಂದು ಹೆಸರು ಬರೆಸಿದ್ದಾರೆ? ಅವರಿಗಾಗಿ ಹಾಸಿಗೆಗಳನ್ನೇನಾದರೂ ಕಾದಿರಿಸಿದ್ದರೆ ದಯವಿಟ್ಟು ಬಿಟ್ಟುಕೊಡಿ. ರಾಯಚೂರು ಜಿಲ್ಲೆಯಿಂದ ರಾತ್ರಿ ಬಸ್ಸು ಹತ್ತಿ ಬರುವವರಿದ್ದಾರೆ.

ಪತ್ರ ಎಲ್ಲಿಂದ ಬಂತು ಎಂದು ತಮಗೆ ಅನ್ನಿಸಬಹುದು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ತುಂಗಭದ್ರಾ ಎಡದಂಡೆಯ ಈ ಸೀಮೆಯಲ್ಲಿ ನೆಲೆ ಮಾಡಿಕೊಟ್ಟಿತು. ಭತ್ತ, ಮೀನು, ದುರ್ಗಾಪೂಜೆ ಎಲ್ಲವೂ ಇಲ್ಲಿವೆ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ.

ಕ್ಯಾಂಪಿನ ಓದಿದ ಹುಡುಗರು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯನ್ನು ಮೊಬೈಲಿನಲ್ಲಿ ತೆರೆದು ನೋಡಿದರು. ಅದರ 3ನೇ ಸೆಕ್ಷನ್ ನಾಯಕರಿಗೆ ತುಸು ನಿರಾಸೆ ತರುವಂತಿದೆ. ವ್ಯಕ್ತಿಯ ರಾಜಕೀಯ ಸ್ಥಾನಮಾನ ನೋಡಿ ಅವನಿಗೆ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ಸುತ್ತಲಿನವರ ರಾಜಕೀಯ ಮೌಲ್ಯಗಳಿಗೆ ಅವನು ಒಗ್ಗುವುದಿಲ್ಲ ಎಂಬುದೂ ಕಾರಣವಾಗದು. ಅಂದರೆ ವಿರೋಧ ಪಕ್ಷದಲ್ಲಿರುವುದು ರೋಗವಲ್ಲ ಎಂದು ಸಂಸತ್ತೇ ಒಪ್ಪಿದೆ. ಇನ್ನು ಸಂವಿಧಾನದ 191ನೇ ವಿಧಿಯಂತೆ ಬುದ್ಧಿ ಸ್ವಾಧೀನದಲ್ಲಿಲ್ಲದವರು ಶಾಸಕರಾಗಿರುವಂತಿಲ್ಲ ನಿಜ, ಆದರೆ ಹಾಗೆಂದು ಘೋಷಿಸಬೇಕಾದದ್ದು ಸಕ್ಷಮ ನ್ಯಾಯಾಲಯ. ಪತ್ರಿಕಾಗೋಷ್ಠಿಗೆ ಆ ಅಧಿಕಾರ ಇನ್ನೂ ಸಿಕ್ಕಿಲ್ಲ.

ಚುನಾವಣಾ ಆಯೋಗವೂ ಸುಮ್ಮನೆ ಕೂತಿಲ್ಲ. ಅಂಗವಿಕಲರನ್ನು ಹೀಯಾಳಿಸುವ ಮಾತುಗಳನ್ನು ಭಾಷಣದಲ್ಲಿ ಆಡಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ಎಲ್ಲ ಪಕ್ಷಗಳಿಗೂ ಬರೆಯಿತು. ಪಾಗಲ್, ಸಿರ್‌ಫಿರಾ ಮುಂತಾದವನ್ನು ಉದಾಹರಣೆಗೂ ಕೊಟ್ಟಿತು. ಉದಾಹರಣೆ ಹಿಂದಿಯಲ್ಲಿದ್ದುದರಿಂದ ಕನ್ನಡದ ಬೈಗುಳ ಪಾರಾಯಿತು ಎಂದು ನಮ್ಮವರು ತಿಳಿದಂತಿದೆ. ಉತ್ತರ ಕರ್ನಾಟಕದವರಿಗಂತೂ ನಿಮ್ಹಾನ್ಸ್‌ಗಿಂತ ಹಳೆಯ ಅಭ್ಯಾಸವೊಂದಿದೆ: 'ಇವನ್ನ ಧಾರವಾಡಕ್ಕ ಒಯ್ರಿ.' ಆ ಧಾರವಾಡದ ಆಸ್ಪತ್ರೆ ಈಗ ಡಿಮ್ಹಾನ್ಸ್, ವೈದ್ಯರನ್ನು ತರಬೇತುಗೊಳಿಸುವ ಸಂಸ್ಥೆ. ಬೈಗುಳ ಮಾತ್ರ ಅದನ್ನು ಹುಚ್ಚಾಸ್ಪತ್ರೆಯಾಗಿಯೇ ಉಳಿಸಿಕೊಂಡಿದೆ.

ತಾವು ವೈದ್ಯರು. ಮತದಾರರ ಮನಸ್ಸಿನ ಬಗ್ಗೆಯೂ ಸ್ವಲ್ಪ ಕೇಳಬೇಕು. ಪಕ್ಕದ ಮಸ್ಕಿ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. ಮರುವರ್ಷ ಪಾಟೀಲರು ರಾಜೀನಾಮೆ ಕೊಟ್ಟರು. ಆ ಜುಲೈಯಲ್ಲಿ ರಾಜೀನಾಮೆ ಕೊಟ್ಟ ಶಾಸಕರು ತಂಗಿದ್ದ ಮುಂಬೈನ ಹೋಟೆಲಿನ ಗೇಟನ್ನು ವಾಹಿನಿಗಳು ನೇರಪ್ರಸಾರದಲ್ಲಿ ತೋರಿಸಿದವು. ಒಳಗೆ ಶಾಸಕರು ತಿಂಡಿಗೆ ಏನು ತಿಂದರು ಎಂಬುದೂ ಸುದ್ದಿಯಾಯಿತು. 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ ಬಂದಾಗ ಅವೇ ಇಬ್ಬರು ಎದುರಾದರು, ಆದರೆ ಪಾಟೀಲರು ಬಿಜೆಪಿಯಿಂದ, ತುರ್ವಿಹಾಳರು ಕಾಂಗ್ರೆಸ್ಸಿನಿಂದ! ಮೂರು ವರ್ಷದ ಹಿಂದೆ ಕೈಗೆ ಜೈ ಎಂದಿದ್ದ ಕಾರ್ಯಕರ್ತ ಈಗ ಮನುಷ್ಯನನ್ನು ನಂಬಬೇಕೋ ಚಿಹ್ನೆಯನ್ನು ನಂಬಬೇಕೋ? ಇಂಥ ಸ್ಥಿತಿಯಲ್ಲಿ ತಲೆ ತಿರುಗಿದರೆ ಅದಕ್ಕೆ ತಮ್ಮ ಪುಸ್ತಕದಲ್ಲಿ ಏನಾದರೂ ಹೆಸರಿದೆಯೇ? ಮಸ್ಕಿಯವರು ಮಾತ್ರ ತಲೆ ನೆಟ್ಟಗಿಟ್ಟುಕೊಂಡು ತುರ್ವಿಹಾಳರನ್ನು 30 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆಲ್ಲಿಸಿದರು.

ಈಗ ವಾಹಿನಿಗಳ ವಿಚಾರ. ಬೆಳಿಗ್ಗೆ ಜ್ಯೋತಿಷಿ ಬಂದು ಇವತ್ತು ಯಾವ ರಾಶಿಯವರಿಗೆ ಮನಶ್ಶಾಂತಿ ಇಲ್ಲ ಎಂದು ತಿಳಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ಆರು ಕಿಟಕಿಗಳಲ್ಲಿ ಆರು ಜನ ಕೂತು ಉಳಿದ ರಾಶಿಯವರ ಮನಶ್ಶಾಂತಿಯನ್ನೂ ತೆಗೆಯುತ್ತಾರೆ. ಆತ್ಮಹತ್ಯೆ ಸುದ್ದಿಯನ್ನು ರೋಚಕ ಮಾಡಬೇಡಿ, ವಿಧಾನ ವಿವರಿಸಬೇಡಿ ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ತಂದಿತ್ತು. ಟಿ.ವಿ.ಯವರೂ ಅದನ್ನು ಪಾಲಿಸಬೇಕೆಂದು 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, ನಟ ಸುಶಾಂತ್ ಸಿಂಗ್ ರಜಪೂತ್ ಸಾವನ್ನು ತಿಂಗಳುಗಟ್ಟಲೆ ಹಿಂಜಿದ ಮೇಲೆ. ಆ ತಿಂಗಳುಗಳಲ್ಲಿ ನಿರೂಪಕರೆಲ್ಲ ಖಿನ್ನತೆಯ ತಜ್ಞರಾಗಿದ್ದರು ಎಂಬುದು ತಮಗೆ ನೆನಪಿರಬಹುದು.

ಕ್ಯಾಂಪಿನವರಿಗೆ ಇನ್ನೊಂದು ಸಂಕಟವಿದೆ. ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ 'ಬಾಂಗ್ಲಾ ನುಸುಳುಕೋರರು' ಎಂದು ಓಡಿದಾಗಲೆಲ್ಲ ಐವತ್ತು ವರ್ಷದಿಂದ ಇಲ್ಲೇ ಭತ್ತ ಬೆಳೆದ ಮನೆಯ ಹಿರಿಯ ಪೆಟ್ಟಿಗೆ ತೆಗೆದು ಕಾಗದ ನೋಡಿಕೊಳ್ಳಬೇಕಾಗುತ್ತದೆ. ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನಲ್ಲಿ ಬಂತು, ನಿಯಮಗಳು 2024ರ ಮಾರ್ಚ್ 11ಕ್ಕೆ ಬಂದವು, ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪಿನ ಐವರಿಗೆ ಪೌರತ್ವ ಸಿಕ್ಕಿತು. ಆ ದಿನ ಕ್ಯಾಂಪು 'ಐತಿಹಾಸಿಕ'. ಮರುವಾರದ ಚರ್ಚೆಯಲ್ಲಿ ಅದೇ ಭಾಷೆ ಮಾತಾಡುವವರು ಅಪಾಯ. ಬೆಳಿಗ್ಗೆ ಅತಿಥಿ, ಸಂಜೆ ಆಪತ್ತು ಆಗುವವರ ನಿದ್ದೆ ಬಗ್ಗೆ ಯಾವ ಸ್ಟುಡಿಯೋ ಮನೋವೈದ್ಯರನ್ನು ಕರೆಸಿದ್ದನ್ನೂ ಇಲ್ಲಿಯವರು ಕಂಡಿಲ್ಲ.

ತಮ್ಮ ಸಂಸ್ಥೆಯೇ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಶೇಕಡ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದಿತ್ತು. ವೈದ್ಯರ ಕೊರತೆ ಒಂದು ಕಾರಣ, ನಾಚಿಕೆ ಇನ್ನೊಂದು. ಆ ನಾಚಿಕೆಗೆ ನಾಯಕರು ದಿನಕ್ಕೆರಡು ಸಲ ಉಚಿತ ಪ್ರಚಾರ ಕೊಡುತ್ತಾರೆ. ಮುಖ್ಯಮಂತ್ರಿಯನ್ನೇ ಬೈಯಲು ಬಳಸುವ ಆಸ್ಪತ್ರೆಗೆ ಮಗಳನ್ನು ಕರೆದೊಯ್ಯಲು ಯಾವ ತಾಯಿ ಮುಂದಾದಾಳು? ಮುಂದಾದರೂ ಜಾತ್ರೆಗೆ ಹೋಗುತ್ತಿದ್ದೇವೆ ಎಂದು ಅಕ್ಕಪಕ್ಕದವರಿಗೆ ಹೇಳಿ ಹೊರಡುತ್ತಾಳೆ.

ವಿಚಿತ್ರವೆಂದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿಗೂ ಮದ್ದು ಕೊಡಬಹುದು ಎಂಬುದನ್ನು ದೇಶಕ್ಕೆ ತೋರಿಸಿದ್ದು ಪಕ್ಕದ ಬಳ್ಳಾರಿ. 1985ರಲ್ಲಿ ತಮ್ಮವರೇ ಅಲ್ಲಿ ಶುರು ಮಾಡಿದ ಪ್ರಯೋಗ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬುತ್ತ ಹೋಯಿತು. ಗಣಿ ಗದ್ದಲದಲ್ಲಿ ಆ ಬಳ್ಳಾರಿ ಯಾರಿಗೂ ನೆನಪಿಲ್ಲ. ರಾಯಚೂರಿನವರು ಏಮ್ಸ್ ಕೊಡಿ ಎಂದು 2022ರ ಮೇ 13ರಂದು ಧರಣಿ ಕೂತರು, ಸಾವಿರ ದಿನ ದಾಟಿತು. ಎಲ್ಲ ಪಕ್ಷದ ನಾಯಕರೂ ಟೆಂಟಿಗೆ ಬಂದು ಬೆಂಬಲ ಕೊಟ್ಟು ಫೋಟೊ ತೆಗೆಸಿಕೊಂಡರು. ಎದುರಾಳಿಗಳನ್ನು ಆಸ್ಪತ್ರೆಗೆ ಕಳಿಸುವಷ್ಟು ಉತ್ಸಾಹ ಆಸ್ಪತ್ರೆಯನ್ನು ಜಿಲ್ಲೆಗೆ ತರುವುದರಲ್ಲಿ ಕಾಣಲಿಲ್ಲ.

ಆದ್ದರಿಂದ ಒಂದು ಬಿನ್ನಹ. ಇನ್ನು ಮುಂದೆ ಶಿಫಾರಸು ಬಂದಾಗಲೆಲ್ಲ ಹೇಳಿದವರಿಗೂ ಹೇಳಿಸಿಕೊಂಡವರಿಗೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕಳಿಸಿಕೊಡಿ. ಹಗಲು ರಾತ್ರಿ ಉಚಿತ, ಕನ್ನಡ ಬಂಗಾಳಿ ಎರಡೂ ನಡೆಯುತ್ತವೆ, ಪಕ್ಷ ಕೇಳುವುದಿಲ್ಲ. ಖುದ್ದಾಗಿಯೇ ಬರುತ್ತೇವೆ ಎಂದರೆ ಬೆಂಗಳೂರಿಗೆ ಯಾಕೆ? ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂದು ಸರ್ಕಾರವೇ ನಿಯಮ ಮಾಡಿದೆ. ನಾಯಕರು ಸಿಂಧನೂರಿಗೆ ಬರಲಿ, ಚೀಟಿ ಮಾಡಿಸಿ ಸರದಿಯಲ್ಲಿ ಕೂರಲಿ. ವೈದ್ಯರ ಹುದ್ದೆ ಖಾಲಿ ಇದ್ದರೆ ಅವರಿಗೂ ಗೊತ್ತಾಗಲಿ. ಕ್ಯಾಮೆರಾದವರು ಮಾತ್ರ ಗೇಟಿನಾಚೆ ನಿಲ್ಲಬೇಕು, ರೋಗಿಯ ಒಪ್ಪಿಗೆಯಿಲ್ಲದೆ ಚಿತ್ರವನ್ನಾಗಲಿ ವಿವರವನ್ನಾಗಲಿ ಮಾಧ್ಯಮಕ್ಕೆ ಕೊಡಬಾರದೆಂದು ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 24ನೇ ಸೆಕ್ಷನ್ ಇದೆ. ಕ್ಯಾಮೆರಾ ಇಲ್ಲ ಎಂದ ಮೇಲೂ ಎಷ್ಟು ಮಂದಿ ಬರುತ್ತಾರೆ ಎಂಬ ಲೆಕ್ಕವನ್ನು ಮುಂದಿನ ಪತ್ರದಲ್ಲಿ ತಿಳಿಸಲಾಗುವುದು.

ಇಂತಿ,
ಆರ್.ಎಚ್. ಕ್ಯಾಂಪಿನ ವೀಕ್ಷಕರ ಪರವಾಗಿ