ಆಂಟೆನಾ ಎಣಿಸುವವರು

ತರಕಾರಿ ಗಾಡಿಯ ಮುಂದೆ ಜಯನಗರದವರು ಬಲು ಹುಷಾರು. ಬೆಂಡೆಕಾಯಿಯ ತುದಿ ಮುರಿದು ನೋಡದೆ ಚೀಲಕ್ಕೆ ಹಾಕಿಸೋದಿಲ್ಲ. ಅದೇ ಜನ ರೌಟರ್ ಅಂಗಡಿಗೆ ಹೋದರೆ ಆಂಟೆನಾ ಎಣಿಸಿ ದುಡ್ಡು ಕೊಟ್ಟು ಬರ್ತಾರೆ!

ನಮ್ಮಕ್ಕನ ಮಗನೂ ಈ ಪೈಕಿಯೇ. ಬಿಟಿಎಂ ಲೇಔಟಿನಲ್ಲಿ ಮಹಡಿ ಮೇಲೆ ಪುಟ್ಟ ಆಫೀಸು, ಮೂರು ಸರ್ವರು, ಮೂರು ವೆಬ್‌ಸೈಟು. "ಮಾವ, ಎಂಟು ಆಂಟೆನಾದ್ದು ತಗೊಳ್ಳಲಾ, ಆರರದ್ದು ಸಾಕಾ?" ಅಂತ ಕೇಳಿದ. ಅಯ್ಯಾ, ಸರ್ವರುಗಳೆಲ್ಲ ಕೇಬಲ್ಲಿಗೆ ಕಟ್ಟಿರೋವು, ಆಂಟೆನಾ ಎಂಟಿದ್ದರೇನು ಎಂಬತ್ತಿದ್ದರೇನು? ಹೊರಗಿನವರಿಗೆ ಕಾಣೋ ಹಾಗೆ ನಿನಗೇ ಅಂತ ಒಂದು ಪಬ್ಲಿಕ್ ಐಪಿ ವಿಳಾಸ ಇದೆಯಾ, ಅದು ಹೇಳು ಮೊದಲು ಅಂದೆ. ತೆಪ್ಪಗಾದ.

ಐಪಿವಿ4 ವಿಳಾಸಗಳಿರೋದೇ ಸುಮಾರು 429 ಕೋಟಿ. ಜಗತ್ತಿಗೆಲ್ಲ ಹಂಚೋ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿ. ಹಾಗಾಗಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಬೀದಿಗಟ್ಟಲೆ ಮನೆಗಳನ್ನು ಕೂರಿಸಿವೆ. ಸಿಜಿನ್ಯಾಟ್ ಅಂತಾರೆ ಅದನ್ನ. ಸಿನಿಮಾ ನೋಡೋಕೆ ತೊಂದರೆಯಿಲ್ಲ, ಹೊರಗಿನವರು ನಿಮ್ಮ ಸರ್ವರಿಗೆ ಬರೋಕೆ ಮಾತ್ರ ದಾರಿಯಿಲ್ಲ. ರೌಟರಿನ ವ್ಯಾನ್ ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ, 10ರಿಂದ ಶುರುವಾದರೆ, ಅಥವಾ 100.64ರಿಂದ 100.127ರ ನಡುವೆ ಬಿದ್ದರೆ, ಲಕ್ಷ ರೂಪಾಯಿಯ ರೌಟರೂ ಕೈಚೆಲ್ಲುತ್ತೆ.

ಸರಿ, ದುಡ್ಡು ಕಟ್ಟಿ ನಿಮಗೇ ಅಂತ ಒಂದು ಬದಲಾಗದ ವಿಳಾಸ, ಸ್ಟ್ಯಾಟಿಕ್ ಐಪಿ, ತಂದಿರಿ ಅನ್ನಿ. ಈಗ ಇನ್ನೊಂದು ತಮಾಷೆ. ಸೈಟುಗಳು ಮೂರೂ 443ನೇ ಪೋರ್ಟೇ ಬೇಕು ಅಂತಾವೆ. ಸಾಮಾನ್ಯ ರೌಟರು ಆ ಪೋರ್ಟನ್ನ ಒಂದೇ ಯಂತ್ರಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತೆ. ಆಗ ಎಂಜಿನ್‌ಎಕ್ಸೋ ಎಚ್‌ಎ ಪ್ರಾಕ್ಸಿಯೋ ಅನ್ನೋ ಸಾಫ್ಟ್‌ವೇರನ್ನ ಮುಂದೆ ನಿಲ್ಲಿಸಿ, ಬಂದವರು ಯಾವ ಸೈಟಿನ ಹೆಸರು ಹೇಳಿದರು ಅಂತ ನೋಡಿ ಒಳಗೆ ಕಳಿಸಬೇಕು. ಇಲ್ಲದಿದ್ದರೆ ಎಂಟು ವಿಳಾಸದ ಬ್ಲಾಕ್ ಕೊಳ್ಳಬೇಕು. ಎಂಟು ಅಂತ ಹಿಗ್ಗಬೇಡಿ, ತುದಿಯ ಎರಡು ಲೆಕ್ಕಕ್ಕಿಲ್ಲ, ಒಂದು ಸಾಮಾನ್ಯವಾಗಿ ಕಂಪನಿಯ ಗೇಟ್‌ವೇಗೆ ಹೋಗುತ್ತೆ, ನಿಮ್ಮ ಪಾಲಿಗೆ ಐದು. ಅದನ್ನ ಸರ್ವರಿಗೊಂದರಂತೆ ಹಂಚೋಕೆ ಒನ್-ಟು-ಒನ್ ನ್ಯಾಟ್ ಗೊತ್ತಿರೋ ರೌಟರೇ ಬೇಕು. ಕನೆಕ್ಷನ್ ಜೊತೆ ಪುಕ್ಕಟೆ ಸಿಗೋ ಡಬ್ಬಕ್ಕೆ ಸಾಮಾನ್ಯವಾಗಿ ಆ ವಿದ್ಯೆ ಬರಲ್ಲ.

ಹೇರ್‌ಪಿನ್ ನ್ಯಾಟ್ ಇದೆಯಾ ಅಂತಲೂ ಕೇಳಿ. ಅದಿಲ್ಲದಿದ್ದರೆ ನಿಮ್ಮ ಸೈಟು ಮೈಸೂರಿನಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತೆ, ನಿಮ್ಮದೇ ಆಫೀಸಿನಲ್ಲಿ ತೆರೆಯಲ್ಲ. ಯಜಮಾನರು "ಸೈಟ್ ಡೌನ್!" ಅಂತ ಕೂಗಾಡೋದು ಇಂಥ ಹೊತ್ತಿನಲ್ಲೇ. ಒಂದೇ ನೆಟ್‌ವರ್ಕನ್ನ ಬೇರೆ ಬೇರೆ ಭಾಗ ಮಾಡೋ ವಿಎಲ್ಯಾನ್ ಕೂಡ ಇರಲಿ, ಊರವರೆಲ್ಲ ಬಂದುಹೋಗೋ ಸರ್ವರಿಗೂ ಟ್ಯಾಲಿ ಕೂತಿರೋ ಕಂಪ್ಯೂಟರಿಗೂ ಒಂದೇ ಪಂಕ್ತಿ ಬೇಡ.

ಲಾಟ್ವಿಯಾದ ಮೈಕ್ರೋಟಿಕ್ ಕಂಪನಿಯ ರೌಟರು ಇದನ್ನೆಲ್ಲ ಅಗ್ಗದಲ್ಲೇ ಮಾಡುತ್ತೆ. ಅದರ ಸೆಟ್ಟಿಂಗ್ಸ್ ಪುಟ ತೆರೆದವರಿಗೆ ತಲೆನೋವು ಉಚಿತ. ಆದರೂ ನನ್ನ ಓಟು ಅದಕ್ಕೇ. ಬೆಸ್ಕಾಂ ಮರ್ಜಿ ಗೊತ್ತಲ್ಲ, ಸರ್ವರಿನ ಜೊತೆ ರೌಟರಿಗೂ ಫೈಬರ್ ಡಬ್ಬಕ್ಕೂ ಯುಪಿಎಸ್ ಕೊಡಿ. ಆಂಟೆನಾ ಆಸೆ ಬಿಡಿ. ಸ್ಟ್ಯಾಟಿಕ್ ಐಪಿ ಕೈಗೆ ಬರೋವರೆಗೆ ಮಾತ್ರ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ರೌಟರ್ ಕೊಳ್ಳೋಕೆ ಎಸ್‌ಪಿ ರೋಡಿಗೆ ಹೊರಡಬೇಡಿ.